ಜಿಬ್ರಾಲ್ಟರ್ ಪಟ್ಟಿಯ ಕೋಟು: ಹಳೇ ಜರ್ಮನ್ ಯೂನಿಫಾರ್ಮ್ ಕೊಳ್ಳೋರಿಗೆ ಒಂದು ಪ್ರಕರಣ

ಹೆಸರು, ಊರು, ಅಂಗಡಿ ಯಾವುದೂ ಬರೀಬಾರದು ಅನ್ನೋ ಷರತ್ತಿನ ಮೇಲೆ ಇದನ್ನ ಬರೆಯೋಕೆ ಒಪ್ಪಿಗೆ ಸಿಕ್ಕಿದೆ. ಕೊಂಡವರನ್ನ ಇಲ್ಲಿ ಗೌಡ್ರು ಅಂತಲೇ ಕರೀತೀನಿ, ಮಂಡ್ಯ ಕಡೆಯವರು, ಆ ಕಡೆಯ ಗೌಡ್ರು ಅಂದ್ಬಿಟ್ರೆ ಯಾರು ಅಂತ ಹುಡುಕೋಕೆ ಯಾರಿಂದಲೂ ಆಗಲ್ಲ. ಅವರಿಗೆ ಸಹಾಯ ಮಾಡಿದ ಜರ್ಮನ್ ಹಿರಿಯರು ರಿಟೈರ್ಡ್ ಇತಿಹಾಸದ ಟೀಚರ್ರು, ಆದ್ದರಿಂದ ಅವರು ಮೇಷ್ಟ್ರು. ಮಾರಿದವನು ವ್ಯಾಪಾರಿ, ಅಷ್ಟೇ.

ಹಿನ್ನೆಲೆ

ಗೌಡ್ರು ಇಂಜಿನಿಯರ್, ಸಂಸಾರ ಸಮೇತ ಉತ್ತರ ಜರ್ಮನಿಯಲ್ಲಿ ಇದ್ದಾರೆ, ಹ್ಯಾನೋವರ್ ಹತ್ತಿರ. ಮಂಡ್ಯದವರಿಗೆ ಹಳೇ ಜರ್ಮನ್ ಮಿಲಿಟರಿ ಬಟ್ಟೆ ಹುಚ್ಚು ಯಾಕೆ ಹಿಡೀತು ಅಂತ ಎಲ್ಲರೂ ಕೇಳ್ತಾರೆ, ಅದಕ್ಕೊಂದು ನಿಜವಾದ ಕಾರಣ ಇದೆ. ಎರಡನೇ ಮೈಸೂರು ಯುದ್ಧದ ಟೈಮಲ್ಲಿ, ಅಂದ್ರೆ ಹೈದರ್ ಸಾಯೋ ಹೊತ್ತಿಗೆ, ಈಸ್ಟ್ ಇಂಡಿಯಾ ಕಂಪನಿಗೆ ಸೈನಿಕರು ಸಾಲದೆ ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ತನ್ನ ಇನ್ನೊಂದು ರಾಜ್ಯದಿಂದ ಎರಡು ರೆಜಿಮೆಂಟ್ ಮದ್ರಾಸಿಗೆ ಕಳಿಸಿದ್ದ, ಆ ಇನ್ನೊಂದು ರಾಜ್ಯವೇ ಹ್ಯಾನೋವರ್, ಯಾಕಂದ್ರೆ ಎರಡು ಕಡೆಗೂ ದೊರೆ ಅವನೇ. ಈ ಹ್ಯಾನೋವರ್ ಸೈನಿಕರು 1783ರ ಜೂನ್‌ನಲ್ಲಿ ಕಡಲೂರಿನ ಹತ್ತಿರ ಫ್ರೆಂಚರ ಮೇಲೂ ಅವರ ಜೊತೆಗಿದ್ದ ಟಿಪ್ಪು ಕಡೆಯ ಪಡೆಯ ಮೇಲೂ ಕಾದಾಡಿದ್ರು. ಶ್ರೀರಂಗಪಟ್ಟಣ ನೋಡ್ಕೊಂಡು ಬೆಳೆದವರಿಗೆ, ಈಗ ಬಾಡಿಗೆಗಿರೋ ಊರಿನವರೇ ಆಗ ನಮ್ಮವರ ಎದುರು ನಿಂತಿದ್ರು ಅಂತ ಗೊತ್ತಾದ್ರೆ ಸುಮ್ನೆ ಇರೋಕಾಗುತ್ತಾ. ಗೌಡ್ರು ಓದೋಕೆ ಶುರು ಮಾಡಿದ್ರು, ಓದಿ ಓದಿ ಕೊಳ್ಳೋಕೆ ಶುರು ಮಾಡಿದ್ರು.

1783ರ ಬಟ್ಟೆ ಎಲ್ಲಿ ಸಿಗುತ್ತೆ, ಅದೆಲ್ಲ ಮ್ಯೂಸಿಯಂ ಮಾತು. ಸಾಮಾನ್ಯ ಸಂಗ್ರಹಕಾರನ ಕೈಗೆ ಎಟಕೋದು 1871ರಿಂದ 1918ರವರೆಗಿನ ಜರ್ಮನ್ ಸಾಮ್ರಾಜ್ಯದ ಕಾಲದ್ದು. ಕಡುನೀಲಿ ಉಣ್ಣೆಯ ವಾಫೆನ್‌ರಾಕ್ ಕೋಟು, ಮುಂದೆ ಎಂಟು ಹಿತ್ತಾಳೆ ಬಣ್ಣದ ಗುಂಡಿ, ಕೆಂಪು ಕಾಲರ್, ನೆತ್ತಿ ಮೇಲೆ ಚೂಪು ಇರೋ ಪಿಕೆಲ್‌ಹಾಬ ಹೆಲ್ಮೆಟ್. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಬಣ್ಣ ಹಸಿರು ಮಿಶ್ರಿತ ಬೂದಿಗೆ ತಿರುಗಿತು, ಅದಕ್ಕೆ ಫೆಲ್ಡ್‌ಗ್ರಾವ್ ಅಂತಾರೆ.

ಇಲ್ಲಿ ಒಂದು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಜರ್ಮನ್ ಯೂನಿಫಾರ್ಮ್ ಅಂದ ತಕ್ಷಣ ನಮ್ಮ ಜನ ಕೇಳೋ ಮೊದಲ ಪ್ರಶ್ನೆ "ಹಿಟ್ಲರ್‌ದಾ?" ಅಂತ. ಗೌಡ್ರ ಹೆಂಡತಿನೂ ಅದನ್ನೇ ಕೇಳಿದ್ದು, "ರೀ, ಇದನ್ನ ಮನೇಲಿಟ್ಕೊಂಡ್ರೆ ಪೊಲೀಸ್ ಬರಲ್ವಾ?" ಬರಲ್ಲ. ಜರ್ಮನಿಯ ಅಪರಾಧ ಸಂಹಿತೆಯ 86ಎ ಕಲಂ ಸ್ವಸ್ತಿಕ, ಎಸ್‌ಎಸ್ ಗುರುತು ಇಂಥವನ್ನ ಸಾರ್ವಜನಿಕವಾಗಿ ತೋರಿಸೋದು, ಹಂಚೋದನ್ನ ತಡೆಯುತ್ತೆ, ಕೈಸರ್ (ಜರ್ಮನ್ ಚಕ್ರವರ್ತಿ) ಕಾಲದ ಕೋಟು ಅದರ ವ್ಯಾಪ್ತಿಗೆ ಬರಲ್ಲ. ಗೌಡ್ರು ಮೊದಲೇ ಗೆರೆ ಹಾಕ್ಕೊಂಡಿದ್ರು, 1918 ದಾಟಿದ್ದು ಮುಟ್ಟಲ್ಲ ಅಂತ. ನನ್ನ ಪ್ರಕಾರ ಒಳ್ಳೇ ಗೆರೆ, ಕಾನೂನಿಗೂ ಒಳ್ಳೇದು, ಮನೆಗೆ ಬರೋ ಜನಕ್ಕೂ ಒಳ್ಳೇದು, ನಕಲಿ ಕಾಟನೂ ಸ್ವಲ್ಪ ಕಮ್ಮಿ.

ಆ ಪಟ್ಟಿ ಅಂದ್ರೆ ಏನು

ಇಡೀ ಪ್ರಕರಣ ನಿಂತಿರೋದೇ ಒಂದು ತಿಳಿನೀಲಿ ಪಟ್ಟಿ ಮೇಲೆ, ಹಾಗಾಗಿ ಅದರ ಕಥೆ ಸ್ವಲ್ಪ ಉದ್ದ ಆದ್ರೂ ಹೇಳಲೇಬೇಕು.

ಅಮೆರಿಕದಲ್ಲಿ ದಂಗೆ ಎದ್ದಾಗ ಬ್ರಿಟಿಷರು ತಮ್ಮ ಪಡೆಗಳನ್ನ ಆ ಕಡೆ ಕಳಿಸಬೇಕಾಯ್ತು, ಮೆಡಿಟರೇನಿಯನ್ ಕೋಟೆಗಳಿಗೆ ಬದಲಿ ಜನ ಬೇಕಲ್ಲ, 1775ರಲ್ಲಿ ಹ್ಯಾನೋವರ್‌ನ ಐದು ಬೆಟಾಲಿಯನ್ ತರಿಸಿದ್ರು, ಮೂರು ಜಿಬ್ರಾಲ್ಟರಿಗೆ, ಎರಡು ಮಿನೋರ್ಕಾಗೆ. 1779ರಿಂದ 1783ರವರೆಗೆ ಸ್ಪೇನ್ ಮತ್ತು ಫ್ರಾನ್ಸ್ ಸೇರಿ ಜಿಬ್ರಾಲ್ಟರಿಗೆ ಮುತ್ತಿಗೆ ಹಾಕಿ ಕೂತ್ರು, ಕೋಟೆ ಬೀಳಲಿಲ್ಲ. ಒಳಗಿದ್ದ ಹ್ಯಾನೋವರಿಗರಿಗೆ ಅದು ದೊಡ್ಡ ಹೆಮ್ಮೆ ಆಯ್ತು.

ಆಮೇಲೆ 1866ರಲ್ಲಿ ಪಕ್ಕದ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾ ಬಂದು ಹ್ಯಾನೋವರ್ ರಾಜ್ಯವನ್ನೇ ನುಂಗ್ತು. ಹಳೇ ಸೈನ್ಯ ವಿಸರ್ಜನೆ ಆಯ್ತು, ರಾಜ ದೇಶ ಬಿಟ್ಟ, ಪ್ರಷ್ಯಾದವರು ಅದೇ ಪ್ರಾಂತ್ಯದಲ್ಲಿ ಹೊಸ ನಂಬರಿನ ಹೊಸ ರೆಜಿಮೆಂಟ್ ಕಟ್ಟಿದ್ರು. ಮೂವತ್ತು ವರ್ಷ ಕಳೆದ ಮೇಲೆ ಎರಡನೇ ವಿಲ್‌ಹೆಲ್ಮ್ ಕೈಸರನಿಗೆ ಹ್ಯಾನೋವರ್ ಜನರ ಮನಸ್ಸು ಗೆಲ್ಲಬೇಕು ಅನ್ನಿಸ್ತು, 1899ರಲ್ಲಿ ಒಂದು ಆದೇಶ ಹೊರಡಿಸಿ ಈ ಪ್ರಷ್ಯನ್ ರೆಜಿಮೆಂಟುಗಳೇ ಹಳೇ ಹ್ಯಾನೋವರ್ ಸೈನ್ಯದ ವಾರಸುದಾರರು ಅಂದ. ಹೆಲ್ಮೆಟ್ ಮೇಲೆ ವಾಟರ್‌ಲೂ, ಪೆನಿನ್ಸುಲಾ ಅಂತ ಯುದ್ಧಗಳ ಹೆಸರು ಬಂದ್ವು. 1901ರ ಜನವರಿಯಲ್ಲಿ ಮೂರು ಘಟಕಗಳಿಗೆ ಬಲತೋಳಿನ ಮೇಲೆ ಹಾಕ್ಕೊಳ್ಳೋ ಪಟ್ಟಿ ಸಿಕ್ತು, ತಿಳಿನೀಲಿ ಬಟ್ಟೆ, ಹಳದಿ ಅಕ್ಷರದಲ್ಲಿ ಜಿಬ್ರಾಲ್ಟರ್ ಅಂತ. ಆ ಮೂರು ಯಾವುವು ಅಂದ್ರೆ ಹ್ಯಾನೋವರ್ ಊರಿನ 73ನೇ ಫ್ಯೂಸಿಲಿಯರ್ ರೆಜಿಮೆಂಟ್, ಹಿಲ್ಡೆಸ್‌ಹೈಮ್‌ನ 79ನೇ ಇನ್‌ಫೆಂಟ್ರಿ ರೆಜಿಮೆಂಟ್, ಮತ್ತೆ 10ನೇ ಯೇಗರ್ ಬೆಟಾಲಿಯನ್. ಬೇರೆ ಯಾರಿಗೂ ಇಲ್ಲ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಮಹಾಯುದ್ಧದಲ್ಲಿ ತಮಾಷೆ ಏನಾಯ್ತು ಅಂದ್ರೆ, ಎದುರಿದ್ದ ಕೆಲವು ಬ್ರಿಟಿಷ್ ರೆಜಿಮೆಂಟುಗಳ ಬ್ಯಾಡ್ಜ್ ಮೇಲೂ ಜಿಬ್ರಾಲ್ಟರ್ ಕೋಟೆ, ಬೀಗದ ಕೈ ಚಿತ್ರ ಇತ್ತು. ಒಂದೇ ಮುತ್ತಿಗೆಯಲ್ಲಿ ಒಟ್ಟಿಗೆ ಕೋಟೆ ಕಾದವರ ಹೆಸರು ಹೊತ್ತವರು ಒಬ್ಬರಿಗೊಬ್ಬರು ಗುಂಡು ಹೊಡೆದ್ರು. ಮದ್ರಾಸಿಗೆ ಹೋದವರಿಗೆ ಇಂಥ ಪಟ್ಟಿ ಯಾವುದೂ ಬರಲಿಲ್ಲ, ಗೌಡ್ರಿಗೆ ಅದೊಂದು ಸಣ್ಣ ಬೇಜಾರು.

ಕೋಟು ಸಿಕ್ಕಿದ್ದು

ಮನೆ ಖಾಲಿ ಮಾಡಿಸೋ ಕೆಲಸ ಮಾಡ್ತಾ ಜೊತೆಗೆ ಹಳೇ ಸಾಮಾನಿನ ಅಂಗಡಿನೂ ಇಟ್ಕೊಂಡಿದ್ದ ವ್ಯಾಪಾರಿ ಒಬ್ಬ ಗೌಡ್ರಿಗೆ ಪರಿಚಯ. ಅವನು ಒಂದಿನ ಫೋನ್ ಮಾಡಿ, 73ನೇ ರೆಜಿಮೆಂಟಿನ ಕಡುನೀಲಿ ಕೋಟು ಬಂದಿದೆ, ಜಿಬ್ರಾಲ್ಟರ್ ಪಟ್ಟಿ ಸಮೇತ, ಒಂದೇ ಕುಟುಂಬದ ಅಟ್ಟದಲ್ಲಿತ್ತು, ಮುತ್ತಾತನ ಕೋಟಂತೆ, ಫೋಟೋನೂ ಇದೆ ಅಂದ. ಗೌಡ್ರು ಅದೇ ಸಂಜೆ ಹೋದ್ರು. ಬಿಳಿ ಭುಜಪಟ್ಟಿ, ಅದರ ಮೇಲೆ ಕೆಂಪು ದಾರದಲ್ಲಿ 73, ಬಲತೋಳಲ್ಲಿ ಪಟ್ಟಿ, ಅಲ್ಲಲ್ಲಿ ನುಸಿ ತಿಂದಿದೆ, ಗುಂಡಿ ಎಲ್ಲ ಇದೆ. ಜೊತೆಗೆ ದಪ್ಪ ರಟ್ಟಿನ ಮೇಲೆ ಅಂಟಿಸಿದ ಸ್ಟುಡಿಯೋ ಫೋಟೋ, ಮೀಸೆ ತಿರುವಿದ ಹುಡುಗ, ಕುರ್ಚಿ ಮೇಲೆ ಕೈ.

ಬೆಲೆ ಎಷ್ಟು ಅಂತ ಬರೆಯಲ್ಲ, ಪಟ್ಟಿ ಇಲ್ಲದ ಸಾಧಾರಣ ಕೋಟಿಗಿಂತ ಬಹಳ ಜಾಸ್ತಿ ಅನ್ನೋದು ಸಾಕು. ಈ ಬಗೆಯ ವಸ್ತುವಿನಲ್ಲಿ ದುಡ್ಡು ಇರೋದು ಉಣ್ಣೆಗಲ್ಲ, ಆ ಎರಡು ಬೆರಳಗಲದ ಬಟ್ಟೆಗೆ.

ಇಲ್ಲಿ ಗೌಡ್ರು ಒಂದು ಕೆಲಸ ಮಾಡಿದ್ರು, ಆಗ ಅದು ಅಂಥ ದೊಡ್ಡ ವಿಷಯ ಅಂತ ಅವರಿಗೂ ಅನ್ನಿಸಿರಲಿಲ್ಲ. ಕಂಪನಿ ಬಿಲ್ಲಿನ ಅಭ್ಯಾಸ, ಏನು ಕೊಂಡ್ರೂ ವಿವರ ಬರೆಸ್ಕೊಳ್ಳೋದು. ವ್ಯಾಪಾರಿ ಕೈಬರಹದಲ್ಲಿ ಬಿಲ್ಲು ಬರೆದ, ಅದರಲ್ಲಿ 73ನೇ ಫ್ಯೂಸಿಲಿಯರ್ ರೆಜಿಮೆಂಟಿನ ಕೋಟು, ಜಿಬ್ರಾಲ್ಟರ್ ಪಟ್ಟಿ, ಅಸಲಿ, ತಾರೀಖು, ಸಹಿ. ಬರೀ "ಹಳೇ ಕೋಟು" ಅಂತ ಬರೆದುಕೊಟ್ಟಿದ್ರೆ ಈ ಪ್ರಕರಣ ಇಲ್ಲಿಗೇ ಮುಗಿದು ಗೌಡ್ರ ದುಡ್ಡು ಹೋಗಿರೋದು.

ಅನುಮಾನ, ಮತ್ತೆ ಎರಡು ತಪ್ಪು ತೀರ್ಮಾನ

ಮನೆಗೆ ತಂದು ಮೊದಲು ಮಾಡಿದ್ದು ಕೋಟನ್ನ ಪ್ಲಾಸ್ಟಿಕ್ ಕವರಲ್ಲಿ ಗಾಳಿಯಾಡದಂಗೆ ಸುತ್ತಿ ಫ್ರೀಜರಿಗೆ ಹಾಕಿದ್ದು. ನುಸಿಯ ಮೊಟ್ಟೆ ಸಾಯಬೇಕಂದ್ರೆ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಬಿಡಬೇಕು, ನುಸಿಗುಳಿಗೆ ಹಾಕೋದಕ್ಕಿಂತ ಇದು ಉಣ್ಣೆಗೂ ನಮಗೂ ಒಳ್ಳೇದು. ತೆಂಗಿನತುರಿ, ಅವರೆಕಾಳು ಡಬ್ಬಗಳ ಮಧ್ಯೆ ಕೈಸರನ ಸೈನಿಕ. ಹೆಂಡತಿ ಏನಂದ್ರು ಅಂತ ಇಲ್ಲಿ ಬೇಡ.

ಹೊರಗೆ ತೆಗೆದು ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಬಿಟ್ರು. ಬಟ್ಟೆ ಸಂಗ್ರಹ ಮಾಡೋರೆಲ್ಲ ಮಾಡೋ ಪರೀಕ್ಷೆ ಇದು. ಎರಡನೇ ಮಹಾಯುದ್ಧ ಆದ್ಮೇಲೆ ಸೋಪಿನ ಪುಡಿಗೆ, ನೂಲಿಗೆ ಬಿಳಿ ಹೊಳಪು ಕೊಡೋ ರಾಸಾಯನಿಕ ಹಾಕೋದು ಸಾಮಾನ್ಯ ಆಯ್ತು, ಯುವಿ ಬೆಳಕಲ್ಲಿ ಅದು ನೀಲಿ ಬಿಳಿಯಾಗಿ ಮಿಂಚುತ್ತೆ, ನೂರು ವರ್ಷ ಹಿಂದಿನ ಉಣ್ಣೆ, ಹತ್ತಿ ಹಾಗೆ ಮಿಂಚಲ್ಲ. ಕೋಟು ಮಿಂಚಲಿಲ್ಲ. ಪಟ್ಟಿ ಮಿಂಚಲಿಲ್ಲ. ಆದ್ರೆ ಪಟ್ಟಿಯ ಅಂಚಲ್ಲಿ ಅದನ್ನ ತೋಳಿಗೆ ಹೊಲಿದಿದ್ದ ದಾರ ಟ್ಯೂಬ್‌ಲೈಟ್ ಥರ ಹತ್ಕೊಂಡ್ತು. ಗೌಡ್ರ ಎದೆ ಧಸಕ್ ಅಂತು.

ಆಮೇಲೆ ಒಳಗಿನ ಲೈನಿಂಗ್ ನೋಡಿದ್ರು. ಪ್ರಷ್ಯಾ ಸೈನ್ಯ ಸೈನಿಕನಿಗೆ ಕೊಡ್ತಿದ್ದ ಕೋಟಿನ ಲೈನಿಂಗ್ ಮೇಲೆ ಕಪ್ಪು ಇಂಕಿನ ಮುದ್ರೆ ಇರುತ್ತೆ, ಬಟ್ಟೆ ಡಿಪೋ ಗುರುತು, ವರ್ಷ, ಸೈಜು, ರೆಜಿಮೆಂಟ್, ಕಂಪನಿ ನಂಬರು. ಸ್ವಂತ ದುಡ್ಡಲ್ಲಿ ಟೈಲರ್ ಹತ್ರ ಹೊಲಿಸ್ಕೊಂಡಿದ್ರೆ ಇವು ಇರಲ್ಲ. ಈ ಕೋಟಿನಲ್ಲಿ ಹ್ಯಾನೋವರಿನ, ಹಲವು ರೆಜಿಮೆಂಟ್ ಸೇರಿದ ದೊಡ್ಡ ಪಡೆಯಾದ, ಹತ್ತನೇ ಸೇನಾ ಕೋರ್‌ನ ಡಿಪೋ ಮುದ್ರೆ ಇತ್ತು, ವರ್ಷ 1898 ಅಂತ ಸ್ಪಷ್ಟವಾಗಿತ್ತು, ರೆಜಿಮೆಂಟ್ ನಂಬರ್ ಇರಬೇಕಾದ ಕಡೆ ಹಳೇ ಬಟ್ಟೆಯದ್ದೇ ಒಂದು ತೇಪೆ.

1898ರ ಕೋಟು, 1901ರ ಪಟ್ಟಿ. ದಾರ ಬೇರೆ ಹೊಸದು. ಗೌಡ್ರು ಆ ರಾತ್ರಿನೇ ತೀರ್ಮಾನ ಮಾಡ್ಬಿಟ್ರು, ಮೋಸ ಅಂತ. ಬೆಳಗ್ಗೆ ವ್ಯಾಪಾರಿಗೆ ಫೋನ್ ಮಾಡೋದು, ಅದಕ್ಕೂ ಮುಂಚೆ ಪಟ್ಟಿ ಬಿಚ್ಚಿ ಕೆಳಗೆ ಕೋಟಿನ ಬಣ್ಣ ಹೆಂಗಿದೆ ನೋಡೋದು. ಪಟ್ಟಿ ಬಹಳ ವರ್ಷ ಇದ್ದಿದ್ರೆ ಅದರ ಕೆಳಗಿನ ನೀಲಿ ಮಾಸಿರಲ್ಲ, ಸುತ್ತ ಮಾಸಿರುತ್ತೆ, ಲಾಜಿಕ್ ಸರಿಯಾಗೇ ಇದೆ. ಬ್ಲೇಡ್ ಕೈಗೆ ತಗೊಂಡವರು ಅದ್ಯಾಕೋ ಒಂದು ಸಲ ಮೇಷ್ಟ್ರನ್ನ ಕೇಳೋಣ ಅಂತ ಫೋಟೋ ಕಳಿಸಿದ್ರು.

ನನ್ನ ಪ್ರಕಾರ ಪ್ರಕರಣದ ಮೊದಲ ತಿರುವು ಇದು.

ಮೇಷ್ಟ್ರು ಹೇಳಿದ್ದು ಮೂರು ವಿಷಯ. ಒಂದು, ಬ್ಲೇಡ್ ಒಳಗಿಡಿ. ಹೊಲಿಗೆ ಇದ್ದಾಗ ಅದೇ ಒಂದು ಸಾಕ್ಷಿ, ಬಿಚ್ಚಿದ ಮೇಲೆ ಬಿಚ್ಚಿದವರು ನೀವು, ನಾಳೆ ವ್ಯಾಪಾರಿ ನಿಮ್ಮ ಮೇಲೇ ತಿರುಗಿ ಬೀಳ್ತಾನೆ. ಎರಡು, ಮಿಂಚೋ ದಾರ ಅಂದ್ರೆ ದಾರ ಹೊಸದು ಅಂತ ಮಾತ್ರ ಅರ್ಥ, 1960ರಲ್ಲಿ ಯಾವುದೋ ಅಜ್ಜಿ ಜೋತು ಬಿದ್ದ ಪಟ್ಟಿಯನ್ನ ಮತ್ತೆ ಹೊಲಿದಿರಬಹುದು, ಇಂಥ ನೂರು ಕೋಟು ನೋಡಿದೀನಿ. ಮೂರನೇದು ಮಾತ್ರ ಗೌಡ್ರಿಗೆ ಹೊಸದು. ಪ್ರಷ್ಯಾ ರೆಜಿಮೆಂಟಿನ ಉಗ್ರಾಣದಲ್ಲಿ ಬಟ್ಟೆಯನ್ನ ಗಾರ್ನಿಟೂರ್ ಅಂತ ದರ್ಜೆ ಮಾಡಿ ಇಡ್ತಿದ್ರು, ಒಳ್ಳೇದನ್ನ ಯುದ್ಧಕ್ಕೆ ಅಂತ ಮುಟ್ಟದೇ ಎತ್ತಿಡೋದು, ಆಮೇಲಿನದು ಪರೇಡಿಗೆ, ಹಳೇದಾಗ್ತಾ ಬಂದಿದ್ದು ಹೊರಗೆ ಹೋಗೋಕೆ, ತೀರಾ ಹಳೇದು ಡ್ರಿಲ್ಲಿಗೆ. ಒಂದು ಕೋಟು ಹೀಗೆ ಇಳೀತಾ ಇಳೀತಾ ಹತ್ತಾರು ವರ್ಷ ಬಾಳ್ತಿತ್ತು. 1898ರಲ್ಲಿ ಹೊಲಿದ ಕೋಟಿಗೆ 1901ರಲ್ಲಿ ಪಟ್ಟಿ ಬಂದ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ, ಆಗ ಉಗ್ರಾಣದಲ್ಲಿದ್ದ ಕೋಟುಗಳಿಗೆಲ್ಲ ಪಟ್ಟಿ ಹೊಲಿಲೇಬೇಕಿತ್ತಲ್ಲ. 1898 ಅನ್ನೋದು ಮೋಸಕ್ಕೆ ಸಾಕ್ಷಿ ಆಗಲ್ಲ.

ಅಂದ್ರೆ ರಾತ್ರಿ ಮಾಡಿದ ಎರಡು ತೀರ್ಮಾನವೂ ಬೆಳಗ್ಗೆ ಹೊತ್ತಿಗೆ ಬಿದ್ದೋದ್ವು. ಗೌಡ್ರಿಗೆ ಖುಷಿ, ಹಾಗಾದ್ರೆ ಅಸಲಿನೇ ಅಂತ. ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ, ನಾನು ಅಸಲಿ ಅನ್ನಲಿಲ್ಲವಲ್ಲ, ಆ ತೇಪೆ ಯಾಕಿದೆ ಅಂತ ನೋಡಿ ಅಂದ್ರು.

ತೇಪೆ ಮತ್ತು ಫೋಟೋದ ರಟ್ಟು

ತೇಪೆ ಬಿಚ್ಚಬೇಕಾಗಲೇ ಇಲ್ಲ. ಕೋಟಿನ ಕೆಳ ಅಂಚಲ್ಲಿ ಲೈನಿಂಗ್ ಹೊಲಿಗೆ ಮೊದಲೇ ಒಂದು ಗೇಣು ಬಿಟ್ಕೊಂಡಿತ್ತು. ಮೇಷ್ಟ್ರು ಅಲ್ಲಿಂದ ಒಂದು ಸಣ್ಣ ಎಲ್‌ಇಡಿ ಟಾರ್ಚ್ ಒಳಗೆ ತೂರಿಸಿದ್ರು, ಉಣ್ಣೆಗೂ ಲೈನಿಂಗಿಗೂ ಮಧ್ಯ, ಸರಿಯಾಗಿ ತೇಪೆ ಹಿಂದಕ್ಕೆ. ಲೈಟ್ ಆರಿಸಿ ಈ ಕಡೆಯಿಂದ ನೋಡಿದ್ರೆ ಎರಡು ಪದರ ಬಟ್ಟೆ ದಾಟಿ ಕಪ್ಪು ಇಂಕು ಕಾಣ್ತಾ ಇದೆ, ಮೊದಲ ಅಂಕಿ 1, ಆಮೇಲೆ 6, ಆಮೇಲೆ 4.

164.

ಇದು ಹ್ಯಾನೋವರ್ ಪ್ರಾಂತ್ಯದ್ದೇ ರೆಜಿಮೆಂಟು, ಅದೇ ಹತ್ತನೇ ಕೋರ್, ಅದೇ ಬಿಳಿ ಭುಜಪಟ್ಟಿ ಕೆಂಪು ಅಂಕಿ, 1897ರಲ್ಲಿ ಕಟ್ಟಿದ್ದು, ಹಾಗಾಗಿ 1898ರ ಕೋಟು ಸರಿಯಾಗಿ ಕೂರುತ್ತೆ. ಆದ್ರೆ ಜಿಬ್ರಾಲ್ಟರ್ ಪಟ್ಟಿ ಅವರಿಗಿಲ್ಲ. ಒಂದು ರೆಜಿಮೆಂಟಿಂದ ಇನ್ನೊಂದಕ್ಕೆ ಕೋಟು ಹೋಗೋದು ಇತ್ತು, ಹಾಗೆ ಹೋದ್ರೆ ಸಾಮಾನ್ಯವಾಗಿ ಪಕ್ಕದಲ್ಲಿ ಹೊಸ ಮುದ್ರೆ ಬೀಳುತ್ತೆ, ಇಲ್ಲಿ 73 ಅನ್ನೋ ಮುದ್ರೆ ಎಲ್ಲೂ ಇಲ್ಲ, ಇರೋ ಒಂದನ್ನೂ ಮುಚ್ಚಿದಾರೆ. ಸೈನ್ಯದ ಉಗ್ರಾಣದವನಿಗೆ ನಂಬರು ಮುಚ್ಚೋ ಅಗತ್ಯ ಏನು? ಮಾರೋನಿಗೆ ಇದೆ.

ಭುಜದ ಹೊಲಿಗೆನೂ ನೋಡಿದ್ರು. ಈ ಕೋಟಿನಲ್ಲಿ ಭುಜಪಟ್ಟಿಯ ಒಂದು ತುದಿ ತೋಳಿನ ಹೊಲಿಗೆ ಒಳಗೇ ಸೇರಿರುತ್ತೆ, ಅದನ್ನ ಬದಲಾಯಿಸಬೇಕಂದ್ರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ಎರಡು ಭುಜದಲ್ಲೂ ಹಳೇ ಸೂಜಿ ತೂತಿನ ಸಾಲು ಒಂದು, ಅದರ ಪಕ್ಕದಲ್ಲೇ ಹೊಸ ಸಾಲು ಒಂದು. ಅಲ್ಲಿನ ದಾರವೂ ಯುವಿಯಲ್ಲಿ ಮಿಂಚ್ತು, ಪಟ್ಟಿಯ ದಾರದ ಥರಾನೇ. ಈಗ ಅಜ್ಜಿ ರಿಪೇರಿ ಕಥೆ ನಿಲ್ಲಲ್ಲ. ಅಜ್ಜಿ ಪಟ್ಟಿ ಹೊಲೀಬಹುದು, ಭುಜಪಟ್ಟಿ ಎರಡನ್ನೂ ಬಿಚ್ಚಿ ಹಾಕಿ ನಂಬರ್ ಮೇಲೆ ತೇಪೆ ಹಾಕಲ್ಲ.

ನನಗೆ ಬಹಳ ಇಷ್ಟ ಆದದ್ದು ಮುಂದಿನದು. ಇಷ್ಟು ಹೊತ್ತೂ ಫೋಟೋವನ್ನ ಯಾರೂ ಸರಿಯಾಗಿ ನೋಡಿರಲಿಲ್ಲ. ಕುರ್ಚಿ ಮೇಲೆ ಬಲಗೈ ಇಟ್ಟಿದ್ರೂ ತೋಳು ನೆರಳಲ್ಲಿ ಹೋಗಿತ್ತು, ಭುಜದ ಅಂಕಿ ಅಸ್ಪಷ್ಟ, ಪಟ್ಟಿ ಇದೆಯೋ ಇಲ್ವೋ ಹೇಳೋಕಾಗಲ್ಲ, ಹಾಗಾಗಿ ಪಕ್ಕಕ್ಕಿಟ್ಟಿದ್ರು. ಮೇಷ್ಟ್ರು ಫೋಟೋ ನೋಡಲಿಲ್ಲ, ಕೆಳಗಿನ ರಟ್ಟು ನೋಡಿದ್ರು. ಆ ಕಾಲದ ಸ್ಟುಡಿಯೋದವರು ರಟ್ಟಿನ ಮೇಲೆ ತಮ್ಮ ಹೆಸರು, ಊರು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸ್ತಿದ್ರು. ಇದರಲ್ಲಿ ಊರು ಹಾಮೆಲ್ನ್. ಇಲಿ ಓಡಿಸಿದ ಕಿಂದರಿಜೋಗಿ ಕಥೆ ಹುಟ್ಟಿದ್ದು ಅಲ್ಲೇ, ನಮ್ಮ ಮಕ್ಕಳಿಗೂ ಗೊತ್ತಿರೋ ಊರು. ಸೈನಿಕರು ಫೋಟೋ ತೆಗೆಸ್ಕೊಳ್ತಿದ್ದದ್ದು ತಾವು ಇರೋ ಗ್ಯಾರಿಸನ್ ಊರಲ್ಲಿ, ಮನೆಗೆ ಕಳಿಸೋಕೆ. 73 ಇದ್ದದ್ದು ಹ್ಯಾನೋವರಲ್ಲಿ. ಹಾಮೆಲ್ನ್‌ನಲ್ಲಿ ಇದ್ದದ್ದು 164.

ಅಂದ್ರೆ ಕುಟುಂಬದ ಕಥೆ ನಿಜ. ಮುತ್ತಾತ ಇದ್ದ, ಸೈನ್ಯದಲ್ಲಿದ್ದ, ಅವನ ಕೋಟು ಇದೇ, ಫೋಟೋ ಇದೇ. ಅವನು ಜಿಬ್ರಾಲ್ಟರ್ ರೆಜಿಮೆಂಟಲ್ಲಿ ಇರಲಿಲ್ಲ ಅಷ್ಟೇ. ಮಾರೋ ಕಥೆ ಸುಳ್ಳಾಗಿದ್ರೆ ವಸ್ತುನೂ ಸುಳ್ಳು ಅಂತ ನಾವೆಲ್ಲ ಲೆಕ್ಕ ಹಾಕ್ತೀವಿ, ಕಥೆ ನಿಜ ಅಂದ್ರೆ ವಸ್ತುನೂ ನಿಜ ಅಂತ ನಂಬ್ತೀವಿ, ಇಲ್ಲಿ ನಿಜವಾದ ಕಥೆಯ ಮೇಲೆ ಹತ್ತಿಸಿ ಸುಳ್ಳು ಮಾರಿದ್ರು, ಇದನ್ನ ಹಿಡಿಯೋದು ಕಷ್ಟ.

ಸೈನಿಕನ ದಾಖಲೆ ತೆಗೆಸಿ ನೋಡಬಹುದಿತ್ತಲ್ಲ ಅಂತ ಕೆಲವರು ಕೇಳಿದ್ರು. ಪ್ರಷ್ಯಾ ಸೈನ್ಯದ ದಾಖಲೆ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಾಂಬ್ ಬಿದ್ದಾಗ ಸುಟ್ಟೋಯ್ತು. ಮೊದಲ ಯುದ್ಧದಲ್ಲಿ ಸತ್ತವರು, ಗಾಯಗೊಂಡವರ ಪಟ್ಟಿಗಳು ಅಚ್ಚಾಗಿದ್ದರಿಂದ ಉಳಿದಿವೆ, ಅದನ್ನ ಇಂಟರ್ನೆಟ್ಟಲ್ಲೂ ಹುಡುಕಬಹುದು, ಆದ್ರೆ ಏಟು ಬೀಳದೇ ಮನೆಗೆ ಬಂದವನ ಹೆಸರು ಅದರಲ್ಲಿ ಇರಲ್ಲ. ಅದಕ್ಕೇ ಈ ಹವ್ಯಾಸದಲ್ಲಿ ಬಟ್ಟೆಯ ಮುದ್ರೆ, ರಟ್ಟಿನ ಅಕ್ಷರಕ್ಕೆ ಇಷ್ಟು ಬೆಲೆ.

ವ್ಯಾಪಾರಿ ಜೊತೆ ಮಾತು

ಗೌಡ್ರ ಮುಂದೆ ಮೂರು ದಾರಿ ಇತ್ತು. ಕೋಟು ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳೋದು, ಸುಮ್ನೆ ಇನ್ನೊಬ್ಬರಿಗೆ ದಾಟಿಸೋದು, ಅಥವಾ ಬೆಲೆ ಇಳಿಸಿ ಇಟ್ಕೊಳ್ಳೋದು. ಎರಡನೇದನ್ನ ಒಬ್ಬ ಸ್ನೇಹಿತ ನಿಜಕ್ಕೂ ಸಲಹೆ ಕೊಟ್ಟ, ನಿಮಗೆ ಕಂಡಿಲ್ಲ ಅಂತ ಅಂದ್ಕೊಂಡು ಮಾರ್ಬಿಡಿ ಅಂತ. ಅದರ ಬಗ್ಗೆ ನಾನೇನೂ ಬರೆಯಲ್ಲ, ಗೌಡ್ರು ಕಿವಿಗೇ ಹಾಕ್ಕೊಳ್ಳಲಿಲ್ಲ.

ಗೌಡ್ರು ಜಗಳಕ್ಕೆ ಹೋಗಲಿಲ್ಲ. ಟಾರ್ಚ್ ಬೆಳಕಲ್ಲಿ ತೆಗೆದ 164ರ ಫೋಟೋ, ಭುಜದ ಎರಡು ಸಾಲು ತೂತು, ಯುವಿ ಫೋಟೋ, ರಟ್ಟಿನ ಫೋಟೋ, ಬಿಲ್ಲಿನ ಪ್ರತಿ, ಎಲ್ಲ ಪ್ರಿಂಟ್ ತಗೊಂಡು ಹೋಗಿ ಮೇಜಿನ ಮೇಲಿಟ್ರು. ನೀನು ಮೋಸ ಮಾಡಿದೆ ಅಂತ ಒಂದು ಮಾತೂ ಆಡಲಿಲ್ಲ, ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ರು. ಯಾರು ಹೊಲಿದ್ರು ಅಂತ ಸಾಬೀತು ಮಾಡೋಕೆ ನಮ್ಮ ಹತ್ರ ಏನೂ ಇಲ್ಲ, ಆದ್ರೆ ಬಿಲ್ಲಲ್ಲಿ ಬರೆದದ್ದು ಮತ್ತು ಕೊಟ್ಟ ವಸ್ತು ಒಂದೇ ಅಲ್ಲ ಅನ್ನೋದಕ್ಕೆ ಎಲ್ಲ ಇದೆ, ಅಷ್ಟನ್ನೇ ಮಾತಾಡಿ ಅಂತ. ಜರ್ಮನಿಯಲ್ಲಿ ಅಂಗಡಿಯವನು ಗ್ರಾಹಕನಿಗೆ ಮಾರಿದಾಗ, ಹಳೇ ವಸ್ತು ಆದ್ರೂ, ತಾನು ಬರೆದುಕೊಟ್ಟ ವಿವರಕ್ಕೆ ಅವನೇ ಹೊಣೆ, ನೋಡಿ ತಗೊಂಡಿದೀರಿ ಅಂತ ಕೈ ತೊಳ್ಕೊಳ್ಳೋಕಾಗಲ್ಲ. ಖಾಸಗಿ ವ್ಯಕ್ತಿ ಮಾರಿದ್ರೆ ವಿಷಯ ಬೇರೆ, ಅವನು ಜವಾಬ್ದಾರಿ ಇಲ್ಲ ಅಂತ ಮೊದಲೇ ಹೇಳಿ ಮಾರಬಹುದು. ಸಂತೆಯಲ್ಲಿ ಕೊಳ್ಳೋರು ಈ ವ್ಯತ್ಯಾಸ ತಿಳ್ಕೊಂಡಿರಬೇಕು.

ವ್ಯಾಪಾರಿ ಮೊದಲು ಬಿಸಿಯಾದ, ಆಮೇಲೆ ಬಿಲ್ಲು ನೋಡಿ ತಣ್ಣಗಾದ. ತನಗೆ ಗೊತ್ತಿರಲಿಲ್ಲ ಅಂದ, ತಾನು ಇನ್ನೊಬ್ಬರಿಂದ ಕೊಂಡಿದ್ದು ಅಂದ. ಮೊದಲು ಕುಟುಂಬದ ಅಟ್ಟದಿಂದ ನೇರ ಬಂತು ಅಂದಿದ್ನಲ್ಲ, ಈಗ ನಡುವೆ ಒಬ್ಬ ಹುಟ್ಕೊಂಡ. ಗೌಡ್ರು ಅದನ್ನ ಎತ್ತಿ ಆಡಲಿಲ್ಲ. ಪೂರ್ತಿ ದುಡ್ಡು ಕೊಡ್ತೀನಿ, ಕೋಟು ಬಿಟ್ಟೋಗಿ ಅಂದಾಗ ಗೌಡ್ರು ಒಂದು ನಿಮಿಷ ತಡೆದ್ರು.

ಎರಡನೇ ತಿರುವು ಇದು. ಕೋಟು ಬಿಟ್ಟು ಬಂದ್ರೆ ದುಡ್ಡು ಪೂರ್ತಿ ಬರುತ್ತೆ. ಆದ್ರೆ ಅದೇ ಕೋಟು ಅದೇ ಪಟ್ಟಿ ಜೊತೆ ಮುಂದಿನ ವಾರ ಇನ್ನೊಬ್ಬನ ಕೈ ಸೇರುತ್ತೆ, ತೇಪೆ ಇನ್ನೂ ಗಟ್ಟಿಯಾಗಿರುತ್ತೆ, ರಟ್ಟಿನ ಊರಿನ ಹೆಸರನ್ನ ಯಾರೋ ಕತ್ತರಿಸಿರ್ತಾರೆ. ಗೌಡ್ರು ಪಟ್ಟಿ ಇಲ್ಲದ 164ನೇ ರೆಜಿಮೆಂಟಿನ ಕೋಟಿಗೆ ಏನು ಬೆಲೆಯೋ ಅದು, ಬಿಡಿ ಪಟ್ಟಿಗೆ ಒಂದು ಬೆಲೆ, ಅಷ್ಟು ಇಟ್ಕೊಂಡು ಉಳಿದದ್ದು ವಾಪಸ್ ಕೊಡಿ, ಬಿಲ್ಲು ಸರಿಯಾಗಿ ಬೇರೆ ಬರೆದುಕೊಡಿ ಅಂದ್ರು. ಒಪ್ಪಂದ ಆಯ್ತು. ಹೊಸ ಬಿಲ್ಲಲ್ಲಿ 164, ಭುಜಪಟ್ಟಿ ಮತ್ತು ತೋಳುಪಟ್ಟಿ ಆಮೇಲೆ ಸೇರಿಸಿದ್ದು ಅಂತ ವ್ಯಾಪಾರಿ ಕೈಯಲ್ಲೇ ಬರೆಸಿದ್ರು. ದುಡ್ಡಿನ ಲೆಕ್ಕದಲ್ಲಿ ಇದು ನಷ್ಟನೇ ಅಂತ ಮೇಷ್ಟ್ರ ಅಭಿಪ್ರಾಯ, ಬಿಡಿ ಪಟ್ಟಿಗೆ ಸ್ವಲ್ಪ ಜಾಸ್ತಿನೇ ಕೊಟ್ರು ಅಂತ ಈಗಲೂ ಗೊಣಗ್ತಾರೆ.

ಬಿಚ್ಚಿದ ಮೇಲೆ

ವ್ಯವಹಾರ ಮುಗಿದ ಮೇಲೆನೇ ಪಟ್ಟಿ ಬಿಚ್ಚಿದ್ದು, ಪ್ರತಿ ಹಂತಕ್ಕೂ ಫೋಟೋ ತೆಗೆದು. ದಾರದ ಒಂದು ಚೂರು ಸುಟ್ಟು ನೋಡಿದ್ರು, ಕರಗಿ ಗಟ್ಟಿ ಗುಂಡಾಯ್ತು, ಪಾಲಿಯೆಸ್ಟರ್. ಪಟ್ಟಿ ಕೆಳಗೆ ಕೋಟಿನ ನೀಲಿ ಸುತ್ತಲಿನಷ್ಟೇ ಮಾಸಿತ್ತು. ಜೊತೆಗೆ ನುಸಿ ತಿಂದ ಎರಡು ತೂತು ಸರಿಯಾಗಿ ಪಟ್ಟಿಯ ಕೆಳಗೇ ಇದ್ವು, ಮೇಲಿದ್ದ ಪಟ್ಟಿಗೆ ಏನೂ ಆಗಿರಲಿಲ್ಲ. ನುಸಿ ಪಟ್ಟಿನ ಮುಟ್ಟದೇ ಕೆಳಗಿನದನ್ನ ಮಾತ್ರ ಅಲ್ಲಲ್ಲೇ ತಿಂತು ಅಂದ್ರೆ ಯಾರು ನಂಬ್ತಾರೆ.

ಪಟ್ಟಿ ಮಾತ್ರ ಅಸಲಿ ಅಂತ ಮೇಷ್ಟ್ರು ಹೇಳಿದ್ರು, ಹಿಂದುಗಡೆಯ ಕಸೂತಿ, ಅಂಚು ಮಡಚಿದ ಹಳೇ ಗೆರೆ, ಅದೇ ಗೆರೆ ಮೇಲಿನ ಹಳೇ ಸೂಜಿ ತೂತು, ಎಲ್ಲ ನೋಡಿ. ಇದು ಯಾವತ್ತೋ ಒಂದು ನಿಜವಾದ 73ರ ಅಥವಾ 79ರ ಕೋಟಿನ ಮೇಲಿತ್ತು, ಆ ಕೋಟು ಏನಾಯ್ತೋ. ಒಂದು ಒಳ್ಳೇ 164ರ ಕೋಟು, ಫೋಟೋ ಸಮೇತ, ಮನೆತನ ಸಮೇತ ಇದ್ದದ್ದನ್ನ ನಾಲ್ಕು ಕಾಸು ಜಾಸ್ತಿ ಬರುತ್ತೆ ಅಂತ ಕೆಡಿಸಿದ್ರಲ್ಲ, ಅದರ ಮೂಲ ಭುಜಪಟ್ಟಿ ಬಿಸಾಕಿದ್ರಲ್ಲ ಅನ್ನೋದೇ ನನಗೆ ಹೊಟ್ಟೆ ಉರಿಸಿದ್ದು. ಹಾಗೆ ನೋಡಿದ್ರೆ ತನ್ನದಲ್ಲದ ತೋಳಿಗೆ ಈ ಪಟ್ಟಿ ಹೊಲಿದವರಲ್ಲಿ ಕೈಸರ್ ಮೊದಲಿಗ, 1866ರಲ್ಲಿ ತನ್ನ ತಾತ ಮುಚ್ಚಿಸಿದ ಸೈನ್ಯದ ಕೀರ್ತಿ ತಂದು ತನ್ನ ರೆಜಿಮೆಂಟಿಗೆ ಅಂಟಿಸಿದ, ಆದ್ರೆ ಅವನು ಕನಿಷ್ಠ ಪಕ್ಷ ಆದೇಶ ಹೊರಡಿಸಿ ಎಲ್ಲರಿಗೂ ಹೇಳಿ ಮಾಡಿದ.

ವ್ಯಾಪಾರಿ ಮೂಲಕ ಆ ಕುಟುಂಬಕ್ಕೆ ಫೋಟೋದ ಸ್ಕ್ಯಾನ್, ಮುದ್ರೆಯ ಚಿತ್ರ ತಲುಪಿಸಿದ್ರು. ಮುತ್ತಾತ ಹಾಮೆಲ್ನ್‌ನಲ್ಲಿ ಇದ್ದದ್ದು ಅವರಿಗೇ ಗೊತ್ತಿರಲಿಲ್ಲ. ತೋಳಲ್ಲಿ ನೀಲಿ ಪಟ್ಟಿ ಇತ್ತಾ ಅಂತ ಕೇಳಿದ್ದಕ್ಕೆ, ಚಿಕ್ಕವರಿದ್ದಾಗ ಆ ಕೋಟು ಹಾಕ್ಕೊಂಡು ಆಟ ಆಡಿದ್ವಿ, ಪಟ್ಟಿ ಗಿಟ್ಟಿ ನೆನಪಿಲ್ಲ ಅಂತ ಉತ್ತರ ಬಂತು. ಯಾರು ಹೊಲಿದ್ರು ಅನ್ನೋದು ಗೊತ್ತಾಗಲಿಲ್ಲ, ಇನ್ನು ಗೊತ್ತಾಗೋದೂ ಇಲ್ಲ.

ಈಗ ಉಳಿದಿರೋ ಜಗಳ ಗೌಡ್ರಿಗೂ ಮೇಷ್ಟ್ರಿಗೂ. 73ರ ಭುಜಪಟ್ಟಿ ತೆಗೆದಾಯ್ತು, ಭುಜ ಖಾಲಿ ಇದೆ. ಅಸಲಿ 164ರ ಭುಜಪಟ್ಟಿ ಜೋಡಿ ಮಾರ್ಕೆಟ್ಟಲ್ಲಿ ಸಿಗುತ್ತೆ, ತಂದು ಹೊಲಿದ್ರೆ ಕೋಟು ಮೊದಲಿನ ರೂಪಕ್ಕೆ ಬರುತ್ತೆ, ಮ್ಯೂಸಿಯಂನವರೂ ಇಂಥ ಪುನರ್ಜೋಡಣೆ ಮಾಡ್ತಾರೆ, ಕಾಗದದಲ್ಲಿ ಬರೆದಿಟ್ರೆ ಸಾಕು ಅಂತ ಮೇಷ್ಟ್ರು. ಬೇರೆ ಯಾರದ್ದೋ ಭುಜದ್ದನ್ನ ತಂದು ಇವನ ಭುಜಕ್ಕೆ ಹಾಕೋದಾದ್ರೆ ಆ ವ್ಯಾಪಾರಿಗೂ ನಮಗೂ ಏನು ವ್ಯತ್ಯಾಸ, ಕಾಗದ ಕಳೆದುಹೋಗುತ್ತೆ, ಹೊಲಿಗೆ ಉಳಿಯುತ್ತೆ ಅಂತ ಗೌಡ್ರು. ನಾನು ಗೌಡ್ರ ಕಡೆ. ಮೇಷ್ಟ್ರು ಮಾತ್ರ ಹೋದ ತಿಂಗಳು ಒಂದು ಜೋಡಿ ನೋಡಿಟ್ಟಿದೀನಿ, ಬೆಲೆನೂ ಕಮ್ಮಿ ಇದೆ ಅಂತ ಮತ್ತೆ ಮೆಸೇಜ್ ಕಳಿಸಿದಾರೆ, ಗೌಡ್ರು ಇನ್ನೂ ಉತ್ತರ ಕೊಟ್ಟಿಲ್ಲ.